ತವರಿನ ಪಟ್ಟಿ

ಪಶ್ಚಿಮ ಆಫ್ರಿಕಾದ ಆ ಗಡಿ ಪಟ್ಟಣದಿಂದ ಹೊರಗಿನವರನ್ನು ಲಾರಿಗಳಲ್ಲಿ ತುಂಬಿ ಗಡಿ ದಾಟಿಸತೊಡಗಿ ವಾರವಾಗಿತ್ತು. ಅಫೀಬಾ ಅದೇ ಊರಲ್ಲಿ ಹುಟ್ಟಿದವಳು. ಆದರೆ ಅವಳ ಗಂಡ ಇಸ್ಸಾ ಗಡಿಯಾಚೆಯ ಬುಡಕಟ್ಟಿನವನು.

"ಮದುವೆಯಾದ ಹೆಂಗಸಿಗೆ ಗಂಡನ ಕುಲವೇ ಕುಲ. ನೀವೂ ಹೊರಗಿನೋರೇ. ಅವನನ್ನ ಬಿಟ್ರೆ ಮತ್ತೆ ನಮ್ಮೋರಾಗ್ತೀರಿ," ಎಂದಿದ್ದ ಪೌರತ್ವ ಕಚೇರಿಯ ಗುಮಾಸ್ತ.

ಅದಕ್ಕೆ ಅವಳನ್ನು ಒಪ್ಪಿಸಿದವನು ಇಸ್ಸಾನೇ. "ಮಕ್ಕಳಿಗಾದ್ರೂ ಒಂದು ದೇಶ ಉಳೀಲಿ," ಎಂದು ವಿಚ್ಛೇದನದ ಕಾಗದಕ್ಕೆ ತಾನೇ ಮೊದಲು ರುಜು ಹಾಕಿ, ಒಂದು ಚೀಲ ಹಿಡಿದು ಲಾರಿ ಹತ್ತಿದ. ಮಕ್ಕಳು ಕೈಬೀಸಿದರು. ಅವಳಿಂದ ಅದೂ ಆಗಲಿಲ್ಲ.

ಮರುದಿನ ಕಾಗದ ನೋಡಿದ ಗುಮಾಸ್ತ ಅವಳಿಗೆ ಕುರ್ಚಿ ತೋರಿಸಿದ. ಅವಳ ಗುರುತಿನ ಚೀಟಿಗೆ ಮೊಹರು ಒತ್ತಿದ.

"ಇನ್ನು ನೀವು ಈ ಊರ ಮಗಳು. ಯಾರೂ ಮುಟ್ಟಲ್ಲ. ಮಕ್ಕಳೆಷ್ಟು?"

ವಾರದಿಂದ ಬಿಗಿಹಿಡಿದಿದ್ದ ಉಸಿರು ಆಗ ಸಡಿಲವಾಯಿತು. "ಇಬ್ಬರು ಸ್ವಾಮಿ. ಯಾಕುಬ, ಸಾಲಿ."

"ಈಗ ಎಲ್ಲಿದಾರೆ?"

"ಶಾಲೇಲಿ. ಚರ್ಚಿನ ಹಿಂದೆ ಇದೆಯಲ್ಲ, ಅಲ್ಲಿ."

ಅವನು ಅದನ್ನೂ ನಿಧಾನವಾಗಿ ಬರೆದುಕೊಂಡು, ಹಾಳೆಯನ್ನು ಬಾಗಿಲಲ್ಲಿದ್ದ ಪೊಲೀಸನ ಕೈಗಿತ್ತ.

"ಇವರಿಬ್ಬರೂ ಅಪ್ಪನ ಕುಲದೋರು. ಇವತ್ತಿನ ಲಾರಿಗೆ ಹತ್ತಿಸಿ."