ಒಂದೇ ಬ್ಯಾಚಿನವರು

ಕರಪತ್ರವನ್ನು ಎರಡನೇ ಸಲ ಓದಿ, ವಚನಾ ಅದನ್ನು ಮಡಚಿ ಕೈಚೀಲದ ತಳಕ್ಕೆ ತುರುಕಿದಳು.

ನ್ಯೂಜಿಲೆಂಡಿನ ಟೌರಂಗಾದ ಕನ್ನಡ ಸಂಘದಲ್ಲಿ ಅಧ್ಯಕ್ಷರ ಚುನಾವಣೆ. ನಿಂತವರು ಇಬ್ಬರು. ಒಬ್ಬರು ಬದರಿನಾಥ್, ಹಳೆಯ ಕುಳ, ಎಲ್ಲರ ಅಂಕಲ್. ಇನ್ನೊಬ್ಬಳು ಶ್ರೀವಿದ್ಯಾ, ಆರು ತಿಂಗಳ ಹಿಂದೆ ಅದೇ ದೇಶದ ಅಪ್ಪರ್ ಹಟ್‌ನಿಂದ ಬಂದ ನರ್ಸ್. ಅವಳ ಫೋಟೊದ ಕೆಳಗೆ ಅವಳ ಗಂಡ ಹೆಮ್ಮೆಯಿಂದ ಅಚ್ಚು ಹಾಕಿಸಿದ ಒಂದು ಸಾಲಿತ್ತು: ಗಿರಿಜಾಂಬಾ ನರ್ಸಿಂಗ್ ಕಾಲೇಜು, ೨೦೧೨ರ ಬ್ಯಾಚು.

ವಚನಾಳ ಸರ್ಟಿಫಿಕೇಟಿನ ಮೇಲಿದ್ದದ್ದೂ ಅದೇ ಕಾಲೇಜು, ಅದೇ ವರ್ಷ. ತೊಂದರೆ ಇಷ್ಟೇ. ವಚನಾ ಆ ಕಾಲೇಜಿನ ಗೇಟನ್ನೂ ಕಂಡವಳಲ್ಲ.

ಬಾಗಲಕೋಟೆ ಕಡೆಯ ಬೇರೊಂದು ಕಾಲೇಜಿನಲ್ಲಿ ಮೂರು ವರ್ಷ ಓದಿದ್ದು ನಿಜ. ಕೊನೆಯ ವರ್ಷ ಆ ಕಾಲೇಜಿಗೆ ಬೀಗ ಬಿತ್ತು. "ಚಿಂತಿ ಮಾಡಬ್ಯಾಡ ತಂಗಿ, ಕಾಗದ ಎಲ್ಲಾ ನಾ ಹೊಂದಿಸಿ ಕೊಡ್ತೀನಿ" ಎಂದ ಒಬ್ಬ ಏಜೆಂಟ್. ಇಪ್ಪತ್ತೊಂದರ ಹುಡುಗಿ, ಹೂಂ ಅಂದಳು. ಅವನು ತಂದುಕೊಟ್ಟದ್ದು ಗಿರಿಜಾಂಬಾ ಕಾಲೇಜಿನ ಸರ್ಟಿಫಿಕೇಟು. ಈಗ ಅವಳು ಇಲ್ಲಿನ ವೃದ್ಧಾಶ್ರಮವೊಂದರಲ್ಲಿ ನರ್ಸ್. ಬಂದರಿನಲ್ಲಿ ದುಡಿಯುವ ಗಂಡ ಮೋಹನನಿಗೂ ಈ ಗುಟ್ಟು ಗೊತ್ತಿಲ್ಲ. ಬಯಲಾದರೆ ಕೆಲಸ, ವೀಸಾ, ಮಗಳು ಶ್ರೀರಕ್ಷಾಳ ಶಾಲೆ ಎಲ್ಲವೂ ಒಂದೇ ಏಟಿಗೆ ಹೋಗುತ್ತವೆ.

ಅಂದೇ ಸಂಜೆ ಸಂಘದ ಕಾರ್ಯದರ್ಶಿ ವಾಸಂತಿ ಆಂಟಿಯ ಫೋನು.

"ಅಲ್ಲಮ್ಮಾ, ನಿಮ್ಮ ಬ್ಯಾಚಿನವಳೇ ನಿಂತಿದಾಳೆ, ಒಂದು ಮಾತೂ ಹೇಳ್ಲಿಲ್ವಲ್ಲ ನೀನು! ನಿನ್ನ ಸದಸ್ಯತ್ವದ ಫಾರಂ ನೋಡಿ ಗೊತ್ತಾಯ್ತು. ಅವಳಿಗೆ ನಿನ್ನ ನಂಬರ್ ಕೊಟ್ಟಿದೀನಿ."

"ಹೌದೇನ್ರಿ ಆಂಟಿ? ಭಾಳ ಛಲೋ ಆತ್ರಿ" ಎಂದಳು ವಚನಾ.

ಮೂರು ವಾರವಾದರೂ ಶ್ರೀವಿದ್ಯಾ ಫೋನು ಮಾಡಲಿಲ್ಲ. ಮಾಡಿದ್ದರೆ ಒಂದು ಥರದ ಭಯ, ಮಾಡದಿದ್ದದ್ದು ಇನ್ನೊಂದು ಥರದ ಭಯ. ಮತ ಕೇಳುವವಳು ಹಳೆಯ ಸಹಪಾಠಿಯನ್ನು ಬಿಡುತ್ತಾಳೆಯೇ? ಬಿಟ್ಟಿದ್ದಾಳೆ ಎಂದರೆ, ಇಂಥ ಹೆಸರಿನವಳು ತನ್ನ ಕ್ಲಾಸಿನಲ್ಲಿ ಇರಲೇ ಇಲ್ಲ ಎಂದು ಅವಳಿಗೆ ಹೊಳೆದಿದೆ. ಊರಿಗೆ ಫೋನು ಹಚ್ಚಿ ವಿಚಾರಿಸುತ್ತಿದ್ದಾಳೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಯಾರೂ ಏನೂ ಅನ್ನದಿದ್ದರೂ ವಚನಾ ದಿನವಿಡೀ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಒಂದು ಶನಿವಾರ ಸೂಪರ್‌ಮಾರ್ಕೆಟ್ಟಿನಲ್ಲಿ ಇಬ್ಬರೂ ಎದುರುಬದುರಾದರು. ಕರಪತ್ರದ ಫೋಟೊ ನೋಡಿದ್ದ ವಚನಾಗೆ ಗುರುತು ಸಿಕ್ಕಿತು; ಅವಳ ವಾಟ್ಸಾಪ್ ಫೋಟೊ ನೋಡಿದ್ದಳೋ ಏನೋ, ಶ್ರೀವಿದ್ಯಾಳೂ ಅವಳನ್ನು ದಿಟ್ಟಿಸಿ ನೋಡಿದಳು. ಮರುಕ್ಷಣ ತುಂಬಿದ ಟ್ರಾಲಿಯನ್ನು ಅಲ್ಲೇ ಬಿಟ್ಟು, ಫೋನನ್ನು ಕಿವಿಗೊತ್ತಿಕೊಂಡು ಸರಸರ ಹೊರನಡೆದಳು.

"ಮಮ್, ಹೂ ಈಸ್ ದಟ್ ಆಂಟಿ?" ಶ್ರೀರಕ್ಷಾ ಕೇಳಿದಳು.

"ಯಾರೂ ಅಲ್ಲವ್ವಾ. ನಡಿ ಲಗೂನ" ಎಂದು ವಚನಾ ಮಗಳ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಳು.

ಮತ ಯಾರಿಗೆ? ಶ್ರೀವಿದ್ಯಾಳ ಕರಪತ್ರದ ಮೊದಲ ಭರವಸೆಯೇ ತಿಂಗಳಿಗೊಮ್ಮೆ ಪ್ರತಿ ಮನೆಗೆ ಭೇಟಿ. ಬದರಿನಾಥರದು ಸ್ಮರಣ ಸಂಚಿಕೆ, ಪ್ರತಿಯೊಬ್ಬರ ಊರು, ಓದು, ಕಾಲೇಜಿನ ಹೆಸರು ಫೋಟೊ ಸಮೇತ. ಅತ್ತ ದರಿ, ಇತ್ತ ಪುಲಿ.

ಸಂಘದ ಸಹವಾಸವೇ ಬೇಡವೆನ್ನೋಣವೆಂದರೆ ಮನಸ್ಸು ಒಪ್ಪಲಿಲ್ಲ. ಹೋದ ಚಳಿಗಾಲದಲ್ಲಿ ಶ್ರೀರಕ್ಷಾಗೆ ಅಪೆಂಡಿಕ್ಸ್ ಆಪರೇಷನ್ ಆದಾಗ ರಜೆ ಸಿಗದೆ ಗಂಡ ಹೆಂಡತಿ ಒದ್ದಾಡುತ್ತಿದ್ದರು. ಮಗುವಿನ ಪಕ್ಕ ಕುರ್ಚಿಯ ಮೇಲೆ ರಾತ್ರಿ ಕಳೆದವರು ವಾಸಂತಿ ಆಂಟಿ. ಮನೆಗೆ ಕರೆತಂದವರು ಬದರಿನಾಥ್ ಅಂಕಲ್. ಹನ್ನೊಂದು ದಿನ ಯಾರದೋ ಮನೆಯ ಸಾರು, ಯಾರದೋ ಮನೆಯ ರೊಟ್ಟಿ ಬಾಗಿಲಿಗೆ ಬಂದಿತ್ತು. ಇಷ್ಟು ದೂರದ ದೇಶದಲ್ಲಿ ಅವಳಿಗೆ ತವರು ಅಂತ ಇದ್ದದ್ದು ಈ ಸಂಘವೊಂದೇ. ಇಂಥವರಿಗೆ ಸುಳ್ಳು ಹೇಳಿಕೊಂಡು ಬದುಕುತ್ತಿದ್ದೇನಲ್ಲ ಎಂದು ನಾಚಿಕೆಯಾಗುತ್ತಿತ್ತು. ಆದರೂ ಭಯದ ಮುಂದೆ ನಾಚಿಕೆ ಯಾವ ಲೆಕ್ಕ?

ಚುನಾವಣೆಯ ಭಾನುವಾರ ಮಧ್ಯಾಹ್ನ, ಶಾಲೆಯೊಂದರ ಸಭಾಂಗಣ. ವಚನಾ ಬಾಗಿಲ ಪಕ್ಕದ ಕುರ್ಚಿ ಹಿಡಿದಳು. ಬದರಿನಾಥ್ ಇಪ್ಪತ್ತು ನಿಮಿಷ ಮಾತಾಡಿದರು. ಶ್ರೀವಿದ್ಯಾ ಎರಡೇ ನಿಮಿಷ, ಚೀಟಿಯಿಂದ ತಲೆಯೆತ್ತದೆ. ಓದಿನ ಸುದ್ದಿ, ಕೆಲಸದ ಸುದ್ದಿ ಯಾವುದನ್ನೂ ಎತ್ತಲಿಲ್ಲ. ಮುಗಿಸಿದ ಮೇಲೆ ಮಾತ್ರ ತಲೆಯೆತ್ತಿ, ಸಾಲುಸಾಲಾಗಿ ಹುಡುಕಿ, ವಚನಾಳ ಮೇಲೆ ಕಣ್ಣು ನಿಲ್ಲಿಸಿದಳು.

ವಚನಾ ಅಲ್ಲೇ ನಿರ್ಧರಿಸಿದಳು. ಪ್ರಶ್ನೆ ಕೇಳುವ ಹೆಂಗಸಿಗಿಂತ ಪುಸ್ತಕ ವಾಸಿ. ಬದರಿನಾಥರ ಹೆಸರಿಗೆ ಗುರುತು ಹಾಕಿ, ಚೀಟಿ ಮಡಚಿ, ಡಬ್ಬಿಗೆ ಹಾಕಿದಳು. ಇನ್ನು ಗಂಡ, ಮಗಳನ್ನು ಕರೆದುಕೊಂಡು ಹೊರಟರೆ ಮುಗಿಯಿತು.

ಅಷ್ಟರಲ್ಲಿ ವಾಸಂತಿ ಆಂಟಿ ಮೈಕು ಹಿಡಿದರು.

"ಎಣಿಕೆಗೆ ಮುಂಚೆ ಒಂದು ಸರ್‌ಪ್ರೈಸ್! ಒಂದೇ ಕಾಲೇಜು, ಒಂದೇ ಬ್ಯಾಚು, ಇಷ್ಟು ವರ್ಷದ ಮೇಲೆ ಭೇಟಿ! ಬಾರಮ್ಮ ವಚನಾ, ನಾಚ್ಕೋಬೇಡ. ಶ್ರೀವಿದ್ಯಾ, ನೀನೂ ಬಾ. ಕಾಲೇಜಿನ ಕಥೆ ಒಂದೆರಡು ಹೇಳ್ಬೇಕು ನೀವು!"

ಚಪ್ಪಾಳೆ ಬಿತ್ತು. ಎಲ್ಲರೂ ಫೋನು ಎತ್ತಿ ಹಿಡಿದರು. ಯಾರೋ ಮೊಣಕೈ ಹಿಡಿದು ಅವಳನ್ನು ಮುಂದೆ ತಳ್ಳಿದರು. ಮೋಹನ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ, ಶ್ರೀರಕ್ಷಾ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು. ಮುಗಿಯಿತು ಎಂದುಕೊಂಡಳು ವಚನಾ. ಇಷ್ಟು ಜನರ ಎದುರು, ಮಗಳ ಎದುರು, ಮೈಕಿನಲ್ಲಿ.

ಎದುರಿನಿಂದ ಶ್ರೀವಿದ್ಯಾ ಬಂದಳು. ಮುಖದಲ್ಲಿ ನಗುವಿರಲಿಲ್ಲ. ಎರಡು ಹೆಜ್ಜೆ ದೂರದಲ್ಲಿ ನಿಂತು ವಚನಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ತಟ್ಟನೆ ಮುನ್ನುಗ್ಗಿ ಉಸಿರುಗಟ್ಟುವ ಹಾಗೆ ತಬ್ಬಿಕೊಂಡಳು.

"ಅಯ್ಯೋ ವಚನಾ! ಎಷ್ಟು ವರ್ಷ ಆಯ್ತೇ!" ಎಂದು ಸಭಾಂಗಣಕ್ಕೆಲ್ಲ ಕೇಳುವಂತೆ ಕೂಗಿದಳು. ಹಾಗೆ ತಬ್ಬಿಕೊಂಡೇ ಅವಳ ಕಿವಿಯಲ್ಲಿ ಪಿಸುಗುಟ್ಟಿದಳು:

"ನಿಮ್ಮ ಕಾಲಿಗೆ ಬೀಳ್ತೀನಿ. ನಾನು ಆ ಕಾಲೇಜಲ್ಲಿ ಓದೇ ಇಲ್ಲ ಅಂತ ಯಾರಿಗೂ ಹೇಳ್ಬೇಡಿ."