ಬಾತುಕೋಳಿ ಮಾರ್ಕಿನ ದಾರ

"ಇದು ನನ್ನ ಮಗನ ಅಂಗಿ ಅಲ್ಲ. ಬೆಂಕಿಪೊಟ್ಟಣ ಕೊಡಿ, ತೋರಿಸ್ತೀನಿ."

ಶವಾಗಾರದ ಕಾವಲುಗಾರ ಸೊಸೆಯ ಮುಖ ನೋಡಿದ. ಮುದುಕಿಗೆ ತಲೆ ಕೆಟ್ಟಿತೇ ಎಂಬಂತೆ. ಹೊಳೆಯಲ್ಲಿ ಮಗನಿದ್ದ ದೋಣಿ ಮಗುಚಿ ವಾರವಾಗಿತ್ತು. ಈಗ ಸಿಕ್ಕ ದೇಹದ ಮುಖ ಗುರುತು ಹಿಡಿಯುವ ಹಾಗಿರಲಿಲ್ಲ. ಉಳಿದದ್ದು ನೀಲಿ ಚೌಕಳಿಯ ಅಂಗಿಯೊಂದೇ. ಅಂಥದ್ದನ್ನು ಬೀದಿಗೆ ಹತ್ತು ಜನ ಹಾಕುತ್ತಾರೆ.

"ಅತ್ತೆ, ಅವರದೇ," ಎಂದಳು ಸೊಸೆ.

"ಬಿಡ್ತು ಅನ್ನು! ನಿನ್ನ ಬಾಯಲ್ಲಿ ಒಳ್ಳೇ ಮಾತೇ ಬರಲ್ವಾ?"

ಮುದುಕಿಯ ಕಣ್ಣಿಗೆ ಪೊರೆ, ಬೆರಳಿಗೆ ಜೋಮು. ಆದರೂ ಮಗ ಹೊಸ ಅಂಗಿ ತಂದರೆ ಅಂಗಡಿಯವರು ಹಾಕಿದ ಗುಂಡಿಗಳನ್ನೆಲ್ಲ ಕಿತ್ತು ತಾನೇ ಮತ್ತೆ ಹೊಲಿಯಬೇಕು. ಸೊಸೆ ಸೂಜಿಗೆ ದಾರ ಪೋಣಿಸಿ ಕೊಟ್ಟರೆ ಸಾಕು. ದಾರ ಮಾತ್ರ ಬಾತುಕೋಳಿ ಮಾರ್ಕಿನದೇ ಆಗಬೇಕು. ಹುಡುಗಿಯಾಗಿದ್ದಾಗ ಅದೇ ಗಿರಣಿಯಲ್ಲಿ ರೀಲುಗಳಿಗೆ ಚೀಟಿ ಅಂಟಿಸಿದವಳು ಅವಳು. ಅಪ್ಪಟ ಹತ್ತಿ. ಮರದ ರೀಲು ಹೋಗಿ ರಟ್ಟಿನದು ಬಂತು, ರಟ್ಟು ಹೋಗಿ ಪ್ಲಾಸ್ಟಿಕ್ ಬಂತು, ಕೊನೆಗೆ ಅಗ್ಗದ ಪಾಲಿಯೆಸ್ಟರ್ ದಾರ ಬಂದು ಗಿರಣಿಗೇ ಬೀಗ ಬಿತ್ತು. "ಆ ಹಾಳು ದಾರ ನನ್ನ ಮಗನ ಮೈಮೇಲೆ ಬೀಳಕೂಡದು" ಎಂದು ಹಟ ಹಿಡಿದಿದ್ದಳು.

ಮಗ ನಗುತ್ತಿದ್ದ. ಆದರೂ ಯಾವ ಮೂಲೆಯ ಅಂಗಡಿಯಿಂದಲೋ ಹಳೇ ಮಾಲು ಹುಡುಕಿ ತರುತ್ತಿದ್ದ. ಹೋಗುವಾಗ ಖಾಲಿ ಮರದ ರೀಲನ್ನು ಜೇಬಿಗಿಳಿಸುತ್ತಿದ್ದ. "ಮಾದರಿ ತೋರಿಸ್ಬೇಕಲ್ಲಮ್ಮ!" ತುಂಬಿದ ರೀಲು ಕೈಗೆ ಬಂದೊಡನೆ ಮುದುಕಿ ಚೀಟಿ ಸವರುತ್ತಿದ್ದಳು. "ಇದರ ಬಾತುಕೋಳಿಗೂ ಕೊಕ್ಕು ಹರಿದಿದೆಯಲ್ಲೋ!"

"ನಿಂಗೆ ಕೊಕ್ಕು ಬೇಕಾ, ದಾರ ಬೇಕಾ?"

ಈಗ ಅವಳು ಒದ್ದೆ ಅಂಗಿಯ ಗುಂಡಿಯೊಂದನ್ನು ಹಲ್ಲಿನಲ್ಲಿ ಕಿತ್ತಳು. ದಾರದ ಎಳೆಯನ್ನು ಸೆರಗಿನಲ್ಲಿ ಒತ್ತಿ ಒತ್ತಿ ಒಣಗಿಸಿದಳು. ಕಾವಲುಗಾರ ಕಡ್ಡಿ ಗೀರಿದ.

"ಹತ್ತಿಯಾದ್ರೆ ಬೂದಿ ಆಗುತ್ತೆ. ಕಳ್ಳ ದಾರ ಆದ್ರೆ ಕರಗುತ್ತೆ. ಗಿರಣೀಲಿ ಹೀಗೇ ನೋಡ್ತಿದ್ವಿ."

ದಾರ ಚುರುಟಿ, ಕರಗಿ, ಕಪ್ಪು ಮಣಿಯಾಯಿತು.

"ನೋಡಿದ್ರಾ!" ಮುದುಕಿ ನಕ್ಕಳು. ನಗುನಗುತ್ತಲೇ ಅತ್ತಳು. "ನನ್ನ ಕಂದ ಎಲ್ಲೋ ದಡ ಸೇರಿದ್ದಾನೆ. ಪಾಪ, ಇವನ ಹೆತ್ತವಳು ಯಾರೋ. ಅವಳ ಹೊಟ್ಟೆ ಉರಿ ದೇವರೇ ತಣಿಸ್ಬೇಕು."

ಸೊಸೆ ಪಕ್ಕಕ್ಕೆ ಸರಿದಳು. "ನಾಳೆ ನಾನೊಬ್ಳೇ ಬರ್ತೀನಿ," ಎಂದು ಕಾವಲುಗಾರನ ಕಿವಿಯಲ್ಲಿ ಹೇಳಿದಳು. ಮುದುಕಿಗೆ ಅದು ಕೇಳಿಸಿತು, ಮೈಯೆಲ್ಲ ಉರಿಯಿತು.

ಮನೆಗೆ ಬಂದವಳೇ ಪೆಟ್ಟಿಗೆ ತೆರೆದಳು. ಮಗ ಬರುವಷ್ಟರಲ್ಲಿ ಅವನ ಇನ್ನೊಂದು ಅಂಗಿಯ ಗುಂಡಿ ಹೊಲಿದಿಡಬೇಕು. ಮರದ ರೀಲು ಕೈಗೆ ಸಿಕ್ಕಿತು. ಕೊಕ್ಕಿಲ್ಲದ ಬಾತುಕೋಳಿಯನ್ನು ಪ್ರೀತಿಯಿಂದ ಸವರಿದಳು.

"ಅತ್ತೆ, ಆ ದಾರ ಮುಟ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಇನ್ನೂ ಅನುಮಾನವೇನೇ ನಿಂಗೆ? ಗಂಡ ಸತ್ತ ಅನ್ನೋಕೆ ಯಾಕಿಷ್ಟು ಆತುರ? ತಗೋ, ಕಣ್ಣಾರೆ ನೋಡು."

ಮುದುಕಿ ಕಡ್ಡಿ ಗೀರಿದಳು. ಸೊಸೆ ಊದಿ ಆರಿಸಿದಳು. ಮುದುಕಿ ಅವಳನ್ನು ನೂಕಿ ಇನ್ನೊಂದು ಗೀರಿ, ಬಾತುಕೋಳಿ ರೀಲಿನ ದಾರದ ತುದಿಗೆ ಹಿಡಿದಳು.

ಬೂದಿ ಉದುರಲಿಲ್ಲ, ಬೆರಳ ತುದಿಗೆ ಬಿಸಿಯಾಗಿ ಅಂಟಿದ್ದು ಕಪ್ಪು ಮಣಿ.