ಮೂರೂವರೆ ಬೆರಳು

“ಮುಟ್ಟಬೇಡಿ ಅಣ್ಣಾ. ಬೆರಳಿನ ಜಿಡ್ಡು ತಾಗಿದ್ರೂ ಲೇಪ ಹಿಡಿಯಲ್ಲ” ಎಂದು ಎರಡೆರಡು ಸಲ ಹೇಳಿಯೇ ಬೆಂಕಿಯಕ್ಕ ಮುಖವಾಡ ತರಲು ಹೋಗಿದ್ದಳು. ಸವೆದ ಯಂತ್ರಗಳಿಗೆ ಲೋಹದ ಲೇಪ ಕೊಡುವ ಆಕೆಗೆ ರಿಪೇರಿ ಷೆಡ್ಡಿನವರು ಇಟ್ಟ ಹೆಸರು ಅದು. ಅವಳು ಅತ್ತ ತಿರುಗಿದ್ದೇ ತಡ, ಪಂಪ್ ಆಪರೇಟರನ ಕೈ ತನ್ನಷ್ಟಕ್ಕೆ ಶಾಫ್ಟಿನ ಮೇಲೆ ಹೋಯಿತು. ಊರಿಗೆಲ್ಲ ನೀರೆತ್ತುವ ಪಂಪಿನೊಳಗೆ ತಿರುಗುವ ಉಕ್ಕಿನ ದಂಡ ಅದು. ಇಪ್ಪತ್ತೆರಡು ವರ್ಷ ಅವನು ದಿನಾ ಮೈದಡವಿದ್ದು. ಸವೆದು ಸೊರಗಿ, ಲೇಪಕ್ಕೆ ಮುಂಚೆ ಜಿಡ್ಡು ಹೋಗಲೆಂದು ಮರಳು ಹೊಡೆಸಿಕೊಂಡು ಬೂದಿ ಬಣ್ಣಕ್ಕೆ ತಿರುಗಿ ಮಲಗಿತ್ತು. ಒಂದೇ ಕ್ಷಣ ಸವರಿದ. ಆಮೇಲೆ ಕೈಯನ್ನು ಜೇಬಿಗೆ ಹಾಕಿಕೊಂಡ.

ಅವಳು ಕೊಟ್ಟ ಮುಖವಾಡದ ಕಪ್ಪು ಗಾಜಿನ ಕಿಂಡಿಯಲ್ಲಿ ಅವನು ನೋಡಿದ್ದನ್ನು ಹೇಳಿದರೆ ಮನೆಯಲ್ಲಿ ಯಾರೂ ನಂಬಲಿಕ್ಕಿಲ್ಲ. ಬೆಂಕಿಯಕ್ಕನ ಲೇಪ ಚಿಮ್ಮಿಸುವ ಗನ್ನಿನೊಳಗೆ ಎರಡು ತಂತಿ ಹೋಗುತ್ತಿದ್ದವು, ಬಾಯಿಂದ ಬೆಳಕು ಬರುತ್ತಿತ್ತು. ಉಕ್ಕು ಕರಗಿ ತುಂತುರಾಗಿ ಹಾರಿ, ಬಿದ್ದಲ್ಲೇ ಕೂತುಬಿಡುತ್ತಿತ್ತು. ತಿರುಗುತ್ತಿದ್ದ ಶಾಫ್ಟು ಅವನ ಕಣ್ಣೆದುರೇ ಮೈಕೈ ತುಂಬಿಕೊಂಡಿತು. ಇಷ್ಟು ವರ್ಷ ನೀರು ಚೂರುಚೂರೇ ತಿಂದದ್ದನ್ನು ಈ ಹೆಂಗಸು ಒಂದು ಗಂಟೆಯಲ್ಲಿ ಕಕ್ಕಿಸಿದಳಲ್ಲ ಎಂದು ಅವನು ಬಾಯಿ ತೆರೆದುಕೊಂಡೇ ನಿಂತಿದ್ದ.

ಆರಿದ ಮೇಲೆ ಲೇತಿಗೆ ಹಾಕಿ ನಯ ಮಾಡುವಾಗ ಟಕ್ ಎಂದಿತು. ಒಂದು ಕಡೆ ಹೊಸ ಲೋಹ ಹಕ್ಕಳೆಯಾಗಿ ಎದ್ದು ಬಂತು.

ಸೂಪರ್‌ವೈಸರ್ ಬಂದವನೇ ಬೆಂಕಿಯಕ್ಕನ ಮೇಲೆ ಹರಿಹಾಯ್ದ. ಅಲ್ಲಿ ಊರೆಲ್ಲ ಒಣ ನಲ್ಲಿ ನೋಡುತ್ತ ಕೂತಿದೆ, ಇಲ್ಲಿ ಈಕೆ ಬರಿಗೈಯಲ್ಲಿ ಮುಟ್ಟಿ ಕೆಲಸ ಕೆಡಿಸುತ್ತಾಳೆ, ನಾಳೆಯಿಂದ ಗನ್ನು ಬೇರೆಯವರ ಕೈಗೆ ಎಂದ. ಹದಿನೈದು ವರ್ಷದಿಂದ ಅದನ್ನು ಹಿಡಿದಾಕೆ.

“ಗ್ಲೌಸಿಲ್ಲದೆ ನಾನು ಮುಟ್ಟಿಲ್ಲ ಸಾರ್” ಎಂದಳು ಅಷ್ಟೆ. ಆಪರೇಟರನ ಕಡೆ ತಿರುಗಿಯೂ ನೋಡಲಿಲ್ಲ.

ಬಾಯಿಬಿಟ್ಟರೆ ಆಪರೇಟರನ ಕೆಲಸಕ್ಕೇ ಸಂಚಕಾರ, ಸುಮ್ಮನಿದ್ದರೆ ಕೇಳುವವರಿಲ್ಲ. ಬಗ್ಗಿ ನೋಡಿದ. ಲೋಹ ಎದ್ದುಹೋದಲ್ಲಿ ಮೂರು ಉದ್ದನೆಯ ಗುರುತು, ಪಕ್ಕದಲ್ಲೊಂದು ಮೊಂಡು. ಮೇಲೆ ಅಷ್ಟು ಬೆಂಕಿ ಸುರಿದರೂ ಕಬ್ಬಿಣ ಅವನನ್ನು ಮರೆತಿರಲಿಲ್ಲ.

ಜೇಬಿನಿಂದ ಬಲಗೈ ತೆಗೆದ. ಹನ್ನೊಂದು ವರ್ಷದ ಹಿಂದೆ ಇದೇ ಶಾಫ್ಟಿಗೆ ಸಿಕ್ಕಿ ಕಿರುಬೆರಳು ಅರ್ಧ ಹೋಗಿತ್ತು.

“ತಪ್ಪು ಇವರದ್ದಲ್ಲ ಸಾರ್” ಎಂದು ಕೈಯನ್ನು ಆ ಗುರುತಿನ ಮೇಲಿಟ್ಟ. ಮೂರೂವರೆ ಬೆರಳೂ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತವು.

ಸೂಪರ್‌ವೈಸರ್ ಬಗ್ಗಿ ಗುರುತನ್ನೂ ಕೈಯನ್ನೂ ನೋಡಿದ. ಆಪರೇಟರ್ ಕೈ ಹಿಂದಕ್ಕೆ ಎಳೆದುಕೊಳ್ಳಲು ಹೋದಾಗ ಬೆಂಕಿಯಕ್ಕ ತಡೆದಳು.

“ಇರಲಿ ಬಿಡಿ ಅಣ್ಣಾ. ಹೇಗೂ ಇನ್ನೊಂದ್ಸಲ ಮರಳು ಹೊಡೀಬೇಕು. ಅಲ್ಲೀವರೆಗೆ ಎಷ್ಟು ಬೇಕೋ ಅಷ್ಟು ಸವರಿಕೊಳ್ಳಿ.”